‘ಲ್ಲಿ’ ಬಿಟ್ಟುಕೊಟ್ಟ ಗುಟ್ಟು

‘ಮಾಳೆ ಬಷಸಿ.’ ಕನ್ನಡದಂತೆ ಕೇಳಿದರೂ ಅರ್ಥವಾಗದ ಈ ಮಾತು ಅಪ್ಪಟ ಕನ್ನಡವೇ: ‘ನಾಳೆ ಬರಲಿ.’

ವಾತ್ಸ್ಯಾಯನನ ಕಾಮಸೂತ್ರ ಹೆಸರಿಸುವ 64 ಕಲೆಗಳಲ್ಲಿ ‘ಮ್ಲೇಚ್ಛಿತ ವಿಕಲ್ಪ’ವೂ ಒಂದು. ಬೇಕಾದವರಿಗಷ್ಟೇ ತಿಳಿಯುವಂತೆ ಮಾತನ್ನು ಮರೆಸುವ ವಿದ್ಯೆ ಅದು. ಆ ಗ್ರಂಥದ ಟೀಕೆ ‘ಜಯಮಂಗಲಾ’ ವಿವರಿಸುವ ಮೂಲದೇವೀಯ ಪದ್ಧತಿಯಲ್ಲಿ ಅಕ್ಷರಗಳು ಜೋಡಿಜೋಡಿಯಾಗಿ ಜಾಗ ಬದಲಿಸಿಕೊಳ್ಳುತ್ತವೆ: ತ–ಪ, ನ–ಮ, ಯ–ಶ, ರ–ಷ, ಲ–ಸ, ಹೀಗೆ. ಕಾಗುಣಿತವನ್ನು ಮುಟ್ಟದೆ ಇದನ್ನು ಕನ್ನಡಕ್ಕೆ ಒಗ್ಗಿಸಿದರೆ ‘ತಲೆ’ ‘ಪಸೆ’ಯಾಗುತ್ತದೆ, ‘ನಲಿ’ ‘ಮಸಿ’ಯಾಗುತ್ತದೆ! ಅದೇ ಜೋಡಿಗಳನ್ನು ಇನ್ನೊಮ್ಮೆ ಹಾಕಿದರೆ ಮೂಲ ಮಾತು ಮರಳುತ್ತದೆ. ಈ ಜೋಡಿಪಟ್ಟಿಯೇ ಕೀಲಿ.

ಜೋಡಿಯ ಹಂಗೂ ಇಲ್ಲದೆ 34 ವ್ಯಂಜನಗಳನ್ನು ಮನಬಂದಂತೆ ಅದಲುಬದಲು ಮಾಡಿದರೆ ಸಿಗುವ ಕೀಲಿಗಳ ಸಂಖ್ಯೆ ಬರೆಯಲು 39 ಅಂಕಿ ಬೇಕು. ಒಂದೊಂದನ್ನೇ ಹಾಕಿ ನೋಡುವುದು ಯಾರಿಂದಲೂ ಆಗದ ಕೆಲಸ.

ಆದರೂ ಪೆನ್ಸಿಲ್ ಹಿಡಿದು ಕೂತವರು ಇದನ್ನು ಒಡೆಯಬಲ್ಲರು. ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸುವ ದಾರಿಯನ್ನು 9ನೇ ಶತಮಾನದಲ್ಲೇ ಬಾಗ್ದಾದಿನ ವಿದ್ವಾಂಸ ಅಲ್‌ ಕಿಂದಿ ತೋರಿಸಿದ್ದ. ಕನ್ನಡದಲ್ಲಂತೂ ಎಣಿಕೆಗೆ ಮೊದಲೇ ಸುಳಿವು ಸಿಗುತ್ತದೆ. ‘ಮನೆಯಲ್ಲಿ’ ‘ನಮೆಶಸ್ಸಿ’ ಆಯಿತು, ‘ಊರಿನಲ್ಲಿ’ ‘ಊಷಿಮಸ್ಸಿ’ ಆಯಿತು. ಪದದ ತುದಿಗೆ ಮತ್ತೆ ಮತ್ತೆ ಅದೇ ಒತ್ತಕ್ಷರ! ಅದು ‘ಲ್ಲಿ’ಯೇ ಇರಬೇಕೆಂದು ಕನ್ನಡ ಬಲ್ಲವರಿಗೆ ಥಟ್ಟನೆ ಹೊಳೆಯುತ್ತದೆ. ಸಪ್ತಮಿ ವಿಭಕ್ತಿಯೇ ಚಾಡಿ ಹೇಳಿತು. ಲ ಸಿಕ್ಕರೆ ಅಲ್ಲ, ಇಲ್ಲ, ಎಲ್ಲ ಸಿಕ್ಕವು. ಮಿಕ್ಕದ್ದು ತಾಳ್ಮೆಯ ಮಾತು.

2001ರಲ್ಲಿ ಅಮೆರಿಕ ತನ್ನ ಅಧಿಕೃತ ಗೂಢಲಿಪಿ ಮಾನದಂಡವಾಗಿ ಒಪ್ಪಿಕೊಂಡ ‘ಎಇಎಸ್’ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಸೋಜಿಗವೆಂದರೆ, ಅದರ 128 ಬಿಟ್‌ ಕೀಲಿಗಳ ಸಂಖ್ಯೆಯೂ 39 ಅಂಕಿಯದೇ. ವ್ಯತ್ಯಾಸವಿರುವುದು ಕಲಸುವ ಬಗೆಯಲ್ಲಿ. ಮೂಲದ ಒಂದೇ ಬಿಟ್‌ ಬದಲಾದರೂ ಆ ತುಣುಕಿನ ಗೂಢರೂಪ ಗುರುತು ಸಿಗದಷ್ಟು ಬೇರೆಯಾಗುತ್ತದೆ. ಸರಿಯಾಗಿ ಬಳಸಿದರೆ ‘ಲ್ಲಿ’ಯಂಥ ಜಾಡು ಉಳಿಯುವುದಿಲ್ಲ. ಅದರ ವಿಧಾನವನ್ನು ಯಾರು ಬೇಕಾದರೂ ಓದಬಹುದು. ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ. ಗೂಢಲಿಪಿ ತಜ್ಞ ಆಗುಸ್ತ್‌ ಕೆರ್ಕಾಫ್ಸ್‌ 1883ರಲ್ಲೇ ಈ ತತ್ವವನ್ನು ಮುಂದಿಟ್ಟಿದ್ದ.

ಸ್ವಂತವಾಗಿ ಕಟ್ಟಿದ ಗೂಢಲಿಪಿಯನ್ನು ಹಣದ ವ್ಯವಹಾರಕ್ಕೆ ನೆಚ್ಚಬಾರದು. ಕಲಿಯಲು ಮಾತ್ರ ಅದಕ್ಕಿಂತ ಒಳ್ಳೆಯ ಆಟವಿಲ್ಲ. ಮೇಲಿನ ಜೋಡಿಗಳನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಬಿಡಿಸಿ ನೋಡಿ: ‘ನಸೆಮಾಡಿಮಸ್ಸಿ ನಳೆ.’