ಮೊಬೈಲಿನಲ್ಲಿ ಸಂಗೀತ ಚಿಕಿತ್ಸೆ: ಕಡೂರು ಸೀಮೆಯಲ್ಲಿಟ್ಟು ನೋಡಿದಾಗ

ಸಂಗೀತ ಚಿಕಿತ್ಸೆಯ ಆ್ಯಪ್ ಎಂಬ ಸ್ಟಾರ್ಟ್‌ಅಪ್ ಯೋಚನೆ ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಬರುತ್ತದೆ. ಬಳಸುವವರು ಪರದೆಯ ಮೇಲೆ ತಮ್ಮ ತೊಂದರೆಯನ್ನು ಆರಿಸಿಕೊಳ್ಳಬೇಕು: ನಿದ್ದೆ ಬರುವುದಿಲ್ಲ, ಆತಂಕ, ಬಿ.ಪಿ., ಮಗುವಿಗೆ ಮಾತು ತಡ. ಅದಕ್ಕೆ ತಕ್ಕ ರಾಗವನ್ನೋ ಕೊಳಲು ವಾದನವನ್ನೋ ಆ್ಯಪ್ ಕೇಳಿಸುತ್ತದೆ. ಮೊದಲ ವಾರ ಉಚಿತ, ಆಮೇಲೆ ತಿಂಗಳ ಚಂದಾ. ಸ್ವಂತ ಫೋನು, ಹೆಡ್‌ಫೋನು, ಒಂಟಿ ಕೋಣೆ ಎಲ್ಲವೂ ಇರುವ ಬೆಂಗಳೂರಿನ ಐಟಿ ಉದ್ಯೋಗಿಯನ್ನು ಮುಂದಿಟ್ಟುಕೊಂಡು ಅಳೆದರೆ ಈ ಯೋಚನೆಯಲ್ಲಿ ಹುಳುಕು ಅಷ್ಟಾಗಿ ಕಾಣುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಪರಿಸ್ಥಿತಿ ಬೇರೆ. ತೆಂಗಿನ ಬಯಲುಸೀಮೆಯಾಗಲಿ, ಭದ್ರೆಯ ಕಡೆಯ ಅಡಿಕೆ ತೋಟವಾಗಲಿ, ಈರುಳ್ಳಿ ಬೆಳೆಯುವ ಅಮೃತಮಹಲ್ ಕಾವಲಿನ ಸುತ್ತಲ ಊರಾಗಲಿ, ಇಂಥ ಆ್ಯಪ್ ಬೇಕಾಗಬಹುದಾದ ಹಿರಿಯರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವುದು ಕಡಿಮೆ. ಪರಿಣತ ವೈದ್ಯರನ್ನು ಕಾಣಬೇಕಾದರೆ ಕಡೂರಿನವರು ಚಿಕ್ಕಮಗಳೂರಿಗೆ, ತರೀಕೆರೆಯವರು ಶಿವಮೊಗ್ಗಕ್ಕೆ ಸುಮಾರು 40 ಕಿ.ಮೀ. ಹೋಗಬೇಕು. ಅಗತ್ಯ ಇಲ್ಲಿ ಹೆಚ್ಚು, ಅನುಕೂಲ ಕಡಿಮೆ. ಯೋಚನೆಯ ಗಟ್ಟಿ ಭಾಗವೂ ಜೊಳ್ಳೂ ಬೇರೆಯಾಗುವುದು ಇಂಥ ಕಡೆಯಲ್ಲೇ.

ಸಂಗೀತ ಚಿಕಿತ್ಸೆ ವೃತ್ತಿಯಾಗಿ ರೂಪುಗೊಂಡದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಗಾಯಾಳು ಸೈನಿಕರ ಆಸ್ಪತ್ರೆಗಳ ಅನುಭವದಿಂದ. ಅಮೆರಿಕದ ಮಿಶಿಗನ್‌ನಲ್ಲಿ 1944ರಲ್ಲಿ ಇದಕ್ಕೆ ವಿಶ್ವವಿದ್ಯಾಲಯದ ಪಾಠಕ್ರಮ ಬಂತು. 1950ರಲ್ಲಿ ಅಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು. ಈ ವೃತ್ತಿಯಲ್ಲಿ ತರಬೇತಿ ಪಡೆದ ಒಬ್ಬ ಮನುಷ್ಯ ರೋಗಿಯ ಎದುರು ಕೂತು ಹಾಡುತ್ತಾನೆ, ನುಡಿಸುತ್ತಾನೆ, ರೋಗಿಯಿಂದಲೂ ಹಾಡಿಸುತ್ತಾನೆ, ಅವನ ಉಸಿರು, ಕೈ, ಮುಖ ನೋಡಿ ಮುಂದಿನ ಹೆಜ್ಜೆ ತೀರ್ಮಾನಿಸುತ್ತಾನೆ. ಧ್ವನಿಮುದ್ರಿತ ಸಂಗೀತವನ್ನು ಕೇಳಿಸುವುದು ಇನ್ನೊಂದು ಬಗೆ. ಸಂಶೋಧಕರು ಇವೆರಡನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. ಆ್ಯಪಿನಿಂದ ಆಗುವುದು ಎರಡನೆಯದು; ಇಂಥ ಆ್ಯಪಿನ ಪ್ರಸ್ತಾವಗಳು ಪುರಾವೆಯಾಗಿ ಹೆಸರಿಸುವ ಅಧ್ಯಯನಗಳಲ್ಲಿ ಹಲವು ಮೊದಲನೆಯದರ ಮೇಲಿನವು.

ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಮಾಡಿ ತೂಗುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಗಳನ್ನು ಮುಂದಿಟ್ಟುಕೊಂಡರೆ ಈ ವ್ಯತ್ಯಾಸ ಸ್ಪಷ್ಟ. ನಿದ್ರಾಹೀನತೆಯ ಮೇಲಿನ 2022ರ ಸಮೀಕ್ಷೆ 13 ಪ್ರಯೋಗಗಳ 1,007 ಜನರನ್ನು ಒಳಗೊಂಡಿತ್ತು. ಧ್ವನಿಮುದ್ರಿತ ಸಂಗೀತ ಕೇಳಿದವರ ನಿದ್ದೆಯ ಗುಣಮಟ್ಟ ಸುಧಾರಿಸಿತೆಂದು ಅದು ಹೇಳಿತು. ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕದ ಬಗ್ಗೆ 2013ರ ಸಮೀಕ್ಷೆಯೂ (26 ಪ್ರಯೋಗ, 2,051 ಜನ) ಸಂಗೀತ ಕೇಳಿಸುವುದರ ಪರವಾಗಿಯೇ ಇದೆ. ಇವೆರಡೂ ಆ್ಯಪಿನ ಕೈಗೆಟಕುವ ಕೆಲಸಗಳು. ಖಿನ್ನತೆಯ ವಿಷಯ ಹಾಗಲ್ಲ. 2017ರ ಸಮೀಕ್ಷೆ ನೋಡಿದ್ದು ಕೇವಲ 9 ಪ್ರಯೋಗ, 421 ಜನ. ಮಾಮೂಲಿ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆ ಸೇರಿದಾಗ ಅಲ್ಪಾವಧಿಯ ಪ್ರಯೋಜನ ಕಂಡಿತು, ಅಷ್ಟೆ. ಆಟಿಸಂ ಇನ್ನೂ ಸೂಕ್ಷ್ಮ. ಒಂಬತ್ತು ದೇಶಗಳ 364 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ತರಬೇತಾದ ಚಿಕಿತ್ಸಕರೇ ಮಕ್ಕಳೊಂದಿಗೆ ಕೂತು ನುಡಿಸಿದರೂ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ. ಆಮೇಲೆ 26 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ 2022ರ ಸಮೀಕ್ಷೆ ಒಂದಿಷ್ಟು ಸುಧಾರಣೆ ಗುರುತಿಸಿತು. ಅದೂ ಮನುಷ್ಯರು ನಡೆಸಿದ ಚಿಕಿತ್ಸೆಯಿಂದ. ಮಾತು ತಡವಾಗುವುದು ಆಟಿಸಂನ ಕುರುಹೂ ಆಗಿರಬಹುದಾದ್ದರಿಂದ ‘ಮಗುವಿಗೆ ಮಾತು ತಡ’ ಎಂಬ ಗುಂಡಿಯನ್ನು ಆ್ಯಪಿನಿಂದ ಕಿತ್ತುಹಾಕುವುದೇ ಲೇಸು. ಆ ಗುಂಡಿಯನ್ನು ಒತ್ತಿ ಆರು ತಿಂಗಳು ಕಾದ ತಂದೆ-ತಾಯಿ ವಾಕ್ ಚಿಕಿತ್ಸಕರನ್ನು ಕಾಣುವುದು ಆರು ತಿಂಗಳು ತಡವಾಗುತ್ತದೆ.

ಭಾರತದಲ್ಲಿ ಇಂಥ ಯೋಚನೆಗಳ ಮುಖ್ಯ ಬಂಡವಾಳ ರಾಗ-ರೋಗಗಳ ಪಟ್ಟಿ. ನಿದ್ದೆಗೆ ನೀಲಾಂಬರಿ, ರಕ್ತದೊತ್ತಡಕ್ಕೆ ಆನಂದಭೈರವಿ ಎಂದು ಅದರಲ್ಲಿ ಸಾಲಾಗಿ ಬರೆದಿರುತ್ತದೆ. ಈ ನಂಬಿಕೆಗೆ ಹಿನ್ನೆಲೆ ಇಲ್ಲದೆ ಇಲ್ಲ. ಶಿಷ್ಯನೊಬ್ಬನ ಹೊಟ್ಟೆನೋವಿಗಾಗಿ ಮುತ್ತುಸ್ವಾಮಿ ದೀಕ್ಷಿತರು ಅಠಾಣ ರಾಗದಲ್ಲಿ ಬೃಹಸ್ಪತಿಯ ಮೇಲೆ ಕೃತಿ ರಚಿಸಿದರೆಂಬ ಪ್ರತೀತಿ ಇದೆ. ಪಿಟೀಲು ವಿದ್ವಾಂಸ ಕುನ್ನಕುಡಿ ವೈದ್ಯನಾಥನ್ ಚೆನ್ನೈನಲ್ಲಿ ರಾಗ ಸಂಶೋಧನಾ ಕೇಂದ್ರ ನಡೆಸಿದರು. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ನಾದ ಚಿಕಿತ್ಸೆಯ ಕಛೇರಿಗಳು ಪ್ರಸಿದ್ಧ. ಗೌರವ ಬೇರೆ, ಪುರಾವೆ ಬೇರೆ. ಯಾವ ರಾಗ, ಯಾರ ಕಂಠ, ಯಾವ ಕಾಲಪ್ರಮಾಣ, ಎಷ್ಟು ಹೊತ್ತು, ಯಾವುದರ ಜೊತೆ ಹೋಲಿಸಿ ನೋಡಿದ್ದು ಎಂದು ಕೇಳಿದರೆ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಕೇಳುವವರ ಕಿವಿಯದು. ನೀಲಾಂಬರಿಯ ಗುರುತು ಕಛೇರಿ ಕೇಳಿ ಬೆಳೆದ ಮನೆಯವರಿಗೆ ಇರುತ್ತದೆ. ಸಖರಾಯಪಟ್ಟಣದ ಕಡೆಯ ಹಳ್ಳಿಯಲ್ಲಿ ಜೋಗುಳ, ಸೋಬಾನೆ, ತತ್ವಪದ, ಶನಿವಾರದ ಭಜನೆ, ರಾಜ್‌ಕುಮಾರ್ ಸಿನಿಮಾದ ಹಾಡು ಕೇಳಿಕೊಂಡು ಎಪ್ಪತ್ತು ವರ್ಷ ಕಳೆದ ಅಜ್ಜಿಗೆ ಆ ರಾಗದಲ್ಲಿ ನಿದ್ದೆಯ ನೆನಪು ಯಾವುದೂ ಇಲ್ಲ. ರೋಗಿಗೆ ಬಳಕೆಯಾದ, ರೋಗಿಯೇ ಆರಿಸಿದ ಸಂಗೀತದಿಂದ ಶುರು ಮಾಡಬೇಕೆಂಬುದು ಈ ವೃತ್ತಿಯ ಮೊದಲ ಪಾಠಗಳಲ್ಲೊಂದು. ರಾಗದ ಪಟ್ಟಿ ಆ ಪಾಠವನ್ನೇ ಬಿಟ್ಟುಬಿಡುತ್ತದೆ. 1993ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪುಟ್ಟ ಪ್ರಯೋಗದಲ್ಲಿ ಹತ್ತು-ಹದಿನೈದು ನಿಮಿಷ ಮಾತ್ರ ಕಂಡ ಪರಿಣಾಮ, ಮೊಟ್ಸಾರ್ಟ್ ಕೇಳಿದರೆ ಮಕ್ಕಳು ಬುದ್ಧಿವಂತರಾಗುತ್ತಾರೆ ಎಂಬ ವ್ಯಾಪಾರವಾಗಿ ಜಗತ್ತೆಲ್ಲ ಸುತ್ತಿತ್ತು. ರಾಗದ ಪಟ್ಟಿಯೂ ಹಿಡಿದಿರುವುದು ಅದೇ ದಾರಿಯನ್ನು.

ನಿಜವಾಗಿ ತಂತ್ರಜ್ಞಾನ ಬೇಡುವ ಜಾಗ ಬೇರೆ ಇದೆ, ಪ್ರಸ್ತಾವಗಳು ಅತ್ತ ತಿರುಗಿ ನೋಡುವುದು ಕಡಿಮೆ. ಮೆದುಳಿನ ಎಡಭಾಗಕ್ಕೆ ಪಾರ್ಶ್ವವಾಯು ಹೊಡೆದು ಮಾತು ನಿಂತವರಲ್ಲಿ ಕೆಲವರು ಒಂದು ಶಬ್ದ ಆಡಲಾರದಿದ್ದರೂ ಗೊತ್ತಿರುವ ಹಾಡನ್ನು ಹಾಡಬಲ್ಲರು. ಇದನ್ನು ಆಧರಿಸಿ 1973ರಲ್ಲಿ ಬಾಸ್ಟನ್ನಿನ ತಜ್ಞರು ಒಂದು ವಿಧಾನ ಮುಂದಿಟ್ಟರು. ಚಿಕಿತ್ಸಕಿ ‘ನೀರು ಬೇಕು’ ಎಂಬಂಥ ದಿನಬಳಕೆಯ ಮಾತನ್ನು ಎರಡೇ ಸ್ವರದಲ್ಲಿ ಗುನುಗುತ್ತಾಳೆ, ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈಯನ್ನು ಮೆಲ್ಲಗೆ ತಟ್ಟಿಸುತ್ತಾಳೆ, ರೋಗಿ ದನಿಗೂಡಿಸಿದ ಮೇಲೆ ತನ್ನ ದನಿ ಇಳಿಸುತ್ತ ಬರುತ್ತಾಳೆ. ಕೊನೆಗೆ ರಾಗ ಬಿಟ್ಟು ಮಾತು ಉಳಿಯಬೇಕು. ಇಂಗ್ಲಿಷಿನಲ್ಲಿ ಮೇಲಿನ ಸ್ವರ ಒತ್ತುಬೀಳುವ ಅಕ್ಷರಕ್ಕೆ ಹೋಗುತ್ತದೆ. ಕನ್ನಡದಲ್ಲಿ ಆ ಬಗೆಯ ಒತ್ತಿಲ್ಲ. ಮಾತಿನ ಲಯ ನಿಂತಿರುವುದು ಗುರು-ಲಘುವಿನ ಮೇಲೆ. ‘ನೀ’, ‘ಬೇ’ ಎರಡೂ ಗುರು, ಎಳೆದು ಮೇಲಕ್ಕೆ ಹೋಗಬೇಕು. ‘ರು’, ‘ಕು’ ಚಿಕ್ಕವು, ಕೆಳಗಿಳಿಯಬೇಕು. ‘ಊಟ ಸಾಕು’ ಅದೇ ಅಚ್ಚಿಗೆ ಕೂರುತ್ತದೆ, ‘ಮಗನ್ನ ಕರಿ’ ಕೂರುವುದಿಲ್ಲ. ಇಂಥ ನೂರು ವಾಕ್ಯಗಳನ್ನು ಕಡೂರಿನ ಆಡುಮಾತಿನಲ್ಲೇ ಕಟ್ಟಿ ಧ್ವನಿಮುದ್ರಿಸಿ, ಮನೆಯವರು ದಿನಾ ಅಭ್ಯಾಸ ಮಾಡಿಸುವ ಹಾಗೆ ಕೊಟ್ಟರೆ ಅದು ಬೇರೆ ಯಾವ ಕಂಪನಿಯೂ ಸುಲಭವಾಗಿ ನಕಲು ಮಾಡಲಾಗದ ಸರಕು. ರೋಗಿ ಸರಿಯಾಗಿ ನುಡಿದನೇ ಎಂದು ತೀರ್ಮಾನಿಸುವುದನ್ನು ಮಾತ್ರ ಯಂತ್ರಕ್ಕೆ ಬಿಡಬಾರದು. ತೊದಲುವ ಕನ್ನಡವನ್ನು ಮನೆಯವರ ಕಿವಿ ಹಿಡಿಯುವಷ್ಟು ಚೆನ್ನಾಗಿ ಯಂತ್ರ ಹಿಡಿಯಲಾರದು. ವಾರಕ್ಕೊಮ್ಮೆ ವಾಕ್ ಚಿಕಿತ್ಸಕರು ದೂರದಿಂದ ಕೇಳಿ ತಿದ್ದುವ ಏರ್ಪಾಡು ಬೇಕು.

ನಡಿಗೆಯ ತೊಂದರೆಗೂ ಇಂಥದ್ದೇ ಒಂದು ಮಾದರಿ ಇದೆ. ಅಮೆರಿಕದ ಮೆಡ್‌ರಿದಮ್ಸ್ ಕಂಪನಿಯ ಇನ್‌ಟ್ಯಾಂಡಮ್ ಎಂಬ ಸಾಧನ 2023ರಲ್ಲಿ ಮಾರುಕಟ್ಟೆಗೆ ಬಂತು. ಪಾರ್ಶ್ವವಾಯುವಾಗಿ ಬಹುಕಾಲ ಕಳೆದವರ ಬೂಟಿಗೆ ಸಂವೇದಕ ಕಟ್ಟಿ, ಹೆಜ್ಜೆಯ ವೇಗ ಅಳೆದು, ಅದಕ್ಕೆ ತಕ್ಕಂತೆ ಸಂಗೀತದ ಲಯವನ್ನು ಬದಲಿಸುತ್ತದೆ. ವೈದ್ಯರ ಚೀಟಿ ಬೇಕು. ಒಂದೇ ಕಾಯಿಲೆ, ಅಳೆಯಬಲ್ಲ ಒಂದೇ ಫಲ. ಕಲಿಯಬೇಕಾದದ್ದು ಈ ಬಿಗಿಯನ್ನು. ಇಲ್ಲಿಯ ಭಜನೆಯನ್ನೋ ವೀರಗಾಸೆಯ ತಾಳವನ್ನೋ ಹಾಗೇ ತೆಗೆದು ನಡಿಗೆಗೆ ಹಾಕುವಂತಿಲ್ಲ: ಹಾಡುತ್ತ ಹಾಡುತ್ತ ಲಯ ಏರುವುದು ಕೇಳುಗರಿಗೆ ಹುರುಪು, ಕೋಲೂರಿ ನಡೆಯುವವರಿಗೆ ಅಪಾಯ.

ಹಾಡುಗಳ ವಿಷಯಕ್ಕೆ ಬಂದರೆ ಈ ಸೀಮೆ ಬಡದಲ್ಲ. ಎಮ್ಮೆದೊಡ್ಡಿಯ ಬಳಿಯ ತಮ್ಮ ಕೆರೆಯದೇ ಎಂದು ಕಡೂರಿನವರು ನಂಬುವ ಮದಗದ ಕೆರೆಯ ಜನಪದ ಗೀತೆ ರಾಜ್ಯಕ್ಕೆಲ್ಲ ಗೊತ್ತು. ತರೀಕೆರೆಯ ತಾಂಡಾಗಳಲ್ಲಿ ಲಂಬಾಣಿ ಹಾಡುಗಳಿವೆ. ಜನಪದ ಗೀತೆಯ ಮಾತಿಗೆ ಯಜಮಾನರಿಲ್ಲ, ಧ್ವನಿಮುದ್ರಣಕ್ಕೆ ಇದ್ದಾರೆ: 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಪ್ರಕಟವಾದ ಮೇಲೆ 60 ವರ್ಷ. ಭಾವಗೀತೆಗಳಲ್ಲಿ ಕವಿಯ ಹಕ್ಕು ಅವರ ಕಾಲಾನಂತರವೂ 60 ವರ್ಷ ಉಳಿಯುವುದರಿಂದ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಗೀತೆಗಳಿಗೆ 2054ರ ಕೊನೆಯವರೆಗೆ ಅನುಮತಿ ಬೇಕು. ಸಿನಿಮಾ ಹಾಡುಗಳಂತೂ ಚಿಕ್ಕ ಕಂಪನಿಯ ಕೈಗೆ ಎಟುಕುವುದಿಲ್ಲ. ಉಳಿಯುವ ದಾರಿ, ಊರಿನ ಸೋಬಾನೆ ಹೆಂಗಸರು, ಭಜನಾ ಮಂಡಳಿಗಳಿಗೆ ಸಂಭಾವನೆ ಕೊಟ್ಟು, ಕರಾರು ಬರೆದು ಹೊಸದಾಗಿ ಮುದ್ರಿಸುವುದು. ಲಯ ಏರದೆ, ದನಿ ದಿಢೀರನೆ ಎದ್ದು ಬೀಳದೆ ಹಾಡಿಸಬೇಕು. ಕಾಡಂಚಿನ ಊರುಗಳಲ್ಲಿ ಸಿಗ್ನಲ್ ನಂಬಲಾಗದು. ಹಾಡು ಫೋನಿನಲ್ಲೇ ಇಳಿದಿರಬೇಕು. ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುವ ನಿದ್ದೆಯ ಹಾಡಿನ ನಡುವೆ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಜಾಹೀರಾತು ಕಿರುಚುತ್ತದೆ. ಆ ಕಿರುಚಾಟ ಇಲ್ಲದಿರುವುದು ಈ ಆ್ಯಪಿನ ನಿಜವಾದ ಹೆಚ್ಚುಗಾರಿಕೆ ಆದೀತು.

ಹಣದ ಲೆಕ್ಕ ಬಿಗಿಯಾಗಿದೆ. ತಿಂಗಳಿಗೆ 99 ರೂಪಾಯಿ ಚಂದಾ ಎಂದುಕೊಂಡರೆ ಅದರೊಳಗಿನ ಶೇ. 18 ಜಿಎಸ್‌ಟಿ, ಮೇಲೆ ಆ್ಯಪ್ ಅಂಗಡಿಯ ಶೇ. 15 ಪಾಲು ಕಳೆದು ಕೈಗೆ ಬರುವುದು ಸುಮಾರು 71 ರೂಪಾಯಿ. ಧ್ವನಿಮುದ್ರಣ, ಸರ್ವರ್, ಚಿಕಿತ್ಸಕರ ಸಂಬಳ ಎಲ್ಲ ಇದರಲ್ಲೇ. ಆ ಚಂದಾ ಕೊಡುವವರು ಯಾರು? ಕೇಳುವ ಅಜ್ಜಿಯಂತೂ ಅಲ್ಲ. ಬೀರೂರಿನಲ್ಲಿ ರೈಲು ಹತ್ತಿ ಬೆಂಗಳೂರು ಸೇರಿದ ಮಗನೋ ಮಗಳೋ ಇರಬಹುದು. ಅವರಿಗೆ ಫಲ ಕಾಣಿಸಬೇಕೆಂಬ ಆತುರದಲ್ಲಿ ‘ಅಮ್ಮ ಇಂದು 40 ನಿಮಿಷ ಕೇಳಿದರು’ ಎಂಬ ಸಂದೇಶ ಕಳಿಸುವ ಚಪಲ ಹುಟ್ಟುತ್ತದೆ. ಕೇಳಿದ ನಿಮಿಷ ಆರೋಗ್ಯದ ಅಳತೆ ಅಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಒದಗಿಸುವ ಯೋಚನೆ ಹೆಚ್ಚು ಸಮಂಜಸ, ಆದರೆ ಸರ್ಕಾರದಿಂದ ಹಣ ಬರುವುದು ನಿಧಾನ.

ಕಾನೂನಿನಲ್ಲಿ ಎಚ್ಚರ ತಪ್ಪುವಂತಿಲ್ಲ. ರೋಗ ವಾಸಿಮಾಡುತ್ತೇವೆಂದು ಹೇಳಿಕೊಂಡ ಕೂಡಲೇ ತಂತ್ರಾಂಶವೂ ವೈದ್ಯಕೀಯ ಸಾಧನದ ವ್ಯಾಖ್ಯೆಗೆ ಬರುತ್ತದೆ. 2020ರ ಏಪ್ರಿಲ್‌ನಿಂದ ಭಾರತದ ನಿಯಮ ಹಾಗಿದೆ. ಮಾಂತ್ರಿಕ ಔಷಧಗಳ ಜಾಹೀರಾತು ತಡೆಯುವ 1954ರ ಕಾಯಿದೆಯೂ ಪಕ್ಕದಲ್ಲೇ ಇದೆ. ಮೆದುಳಿಗೆ ಚುರುಕು ತರುತ್ತದೆಂದು ಬಡಾಯಿ ಕೊಚ್ಚಿದ ಲುಮಾಸಿಟಿ ಆ್ಯಪಿನ ಕಂಪನಿ 2016ರಲ್ಲಿ ಅಮೆರಿಕದ ವಾಣಿಜ್ಯ ಆಯೋಗಕ್ಕೆ 20 ಲಕ್ಷ ಡಾಲರ್ ತೆತ್ತಿತು. ಹದಿನೆಂಟು ತುಂಬದವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆ ಹೇಳುತ್ತದೆ. ಇವೆಲ್ಲಕ್ಕಿಂತ ಗಂಭೀರವಾದದ್ದು, ಬದುಕೇ ಬೇಡವೆನಿಸಿದೆ ಎಂದು ಬರೆದವರಿಗೆ ಆ್ಯಪ್ ಕೊಳಲು ಕೇಳಿಸುತ್ತ ಕೂರುವುದು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಆ ಕ್ಷಣವೇ ಕರೆ ಹೋಗುವ ಗುಂಡಿ ಮೊದಲ ಪರದೆಯಲ್ಲಿರಬೇಕು.

ಇಷ್ಟನ್ನು ಜರಡಿ ಹಿಡಿದರೆ ಉಳಿಯುವುದು ಎರಡು ಕೆಲಸ: ಹಿರಿಯರ ನಿದ್ದೆಗೆ ಬಳಕೆಯ ಹಾಡು, ಮಾತು ನಿಂತವರಿಗೆ ಕನ್ನಡ ಲಯದ ಅಭ್ಯಾಸ. ಎರಡನೆಯದು ವಾಕ್ ಚಿಕಿತ್ಸಕರ ಜೊತೆಗಾರಿಕೆ ಇಲ್ಲದೆ ಹೊರಡಬಾರದು. ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮೆದುಳಿನ ಸಂಬಂಧವನ್ನು ಅಭ್ಯಸಿಸುವ ಪ್ರಯೋಗಾಲಯವೇ ಇರುವಾಗ ಸಲಹೆಗೆ ದೂರ ಹೋಗಬೇಕಿಲ್ಲ. ಮೊದಲನೆಯದನ್ನು ಪರೀಕ್ಷಿಸುವುದು ಸುಲಭ, ಅದಕ್ಕೆ ತಕ್ಕ ಎದುರಾಳಿಯೂ ಊರಲ್ಲೇ ಇದೆ: 1965ರಿಂದ ಪುಕ್ಕಟೆ ಹಾಡುತ್ತಿರುವ ಭದ್ರಾವತಿ ಆಕಾಶವಾಣಿ. ನಿದ್ದೆ ಬಾರದ ಹಿರಿಯರಲ್ಲಿ ಚೀಟಿ ಎತ್ತಿ ಅರ್ಧ ಜನರಿಗೆ ಆ್ಯಪ್, ಅರ್ಧ ಜನರಿಗೆ ರೇಡಿಯೊ ಕೊಡಬೇಕು. ಮೊದಲ ದಿನ ಮತ್ತು ತಿಂಗಳ ಕೊನೆಗೆ, 0ಯಿಂದ 21ರವರೆಗೆ ಅಂಕ ಕೊಡುವ ಪಿಟ್ಸ್‌ಬರ್ಗ್ ನಿದ್ರಾ ಪ್ರಶ್ನಾವಳಿಯನ್ನು, ಯಾರ ಕೈಯಲ್ಲಿ ಏನಿದೆ ಎಂದು ತಿಳಿಯದ ಒಬ್ಬರು ಕನ್ನಡದಲ್ಲಿ ಓದಿ ಹೇಳಿ ತುಂಬಿಸಬೇಕು. ಎರಡು ಗುಂಪಿನ ಅಂಕಗಳೂ ಒಂದೇ ಆಗಿ ಬಂದರೆ ಹಾಡುಗಳನ್ನು ಆಕಾಶವಾಣಿಗೇ ಕೊಟ್ಟುಬಿಡಬಹುದು.