ವಕೀಲಿಯಿಂದ ವಚನಸಂಪಾದನೆಗೆ: ಹಳಕಟ್ಟಿಯವರ ಮಾರ್ಗವಿಚಾರ

ಹಿರಿಯರ ಕಾರ್ಯವನ್ನು ಸ್ತುತಿಸುವುದು ಸುಲಭ. ಆ ಕಾರ್ಯದ ರೀತಿಯನ್ನು ಪರಿಶೋಧಿಸುವುದು ಕಷ್ಟ. ದಿವಂಗತ ಫ. ಗು. ಹಳಕಟ್ಟಿಯವರ (1880–1964) ವಿಷಯದಲ್ಲಿ ಮೊದಲನೆಯದು ನಮ್ಮಲ್ಲಿ ಹೇರಳವಾಗಿ ನಡೆದಿದೆ. ಎರಡನೆಯದಕ್ಕೆ ತೊಡಗುವುದು ಅವರ ಕೀರ್ತಿಗೆ ಕುಂದಾಗದೆಂದು ನಂಬಿ ಈ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಮುಂಬಯಿಯಲ್ಲಿ ವ್ಯಾಸಂಗ ಮಾಡಿ, 1904ರಲ್ಲಿ ಕಾನೂನಿನ ಪದವಿಯನ್ನು ಪಡೆದು, ವಿಜಾಪುರದಲ್ಲಿ ವಕೀಲರಾಗಿ ನೆಲಸಿದರು. ಮುಂದೆ ಸರಕಾರೀ ವಕೀಲರಾದರು. 1920ರಲ್ಲಿ ಮುಂಬಯಿ ಶಾಸನಸಭೆಯ ಸದಸ್ಯರಾದರು. ರಾವ್ ಬಹದ್ದೂರ್ ಎಂಬ ಬಿರುದಿಗೂ ಪಾತ್ರರಾದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳೆಲ್ಲವೂ ವಿಜಾಪುರ ಜಿಲ್ಲೆಯವೇ. ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಗೇವಾಡಿಯೂ, ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಕೂಡಲಸಂಗಮವೂ ಆಗ ಒಂದೇ ಜಿಲ್ಲೆಯಲ್ಲಿದ್ದುವು. ಆದುದರಿಂದ ವಕೀಲರ ವ್ಯವಹಾರಕ್ಷೇತ್ರವೂ ಸಂಶೋಧಕರ ಶ್ರದ್ಧಾಕ್ಷೇತ್ರವೂ ಅವರಿಗೆ ಬೇರೆಬೇರೆಯಾಗಿರಲಿಲ್ಲ.

ಅಧಿಕಾರವಾಗಲಿ ಬಿರುದಾಗಲಿ ಅವರಿಗೆ ಓಲೆಗರಿಗಳನ್ನು ಓದಿಸಲಿಲ್ಲ; ಓದಿಸಿದುದು ನ್ಯಾಯಾಲಯದ ಶಿಸ್ತು. ಸಾಕ್ಷ್ಯವನ್ನು ಕಲೆಹಾಕುವುದು, ಅದನ್ನು ತಲೆಬರಹಗಳ ಕೆಳಗೆ ವಿಂಗಡಿಸುವುದು, ಕಕ್ಷಿಯ ಪಕ್ಷವನ್ನು ಕ್ರಮವಾಗಿ ಮಂಡಿಸುವುದು ಇವೇ ಆ ಶಿಸ್ತಿನ ಅಂಗಗಳು. 1923ರಲ್ಲಿ ಹೊರಬಂದ ‘ವಚನಶಾಸ್ತ್ರಸಾರ’ದ ಮೊದಲ ಭಾಗದಲ್ಲಿ ಇವೆಲ್ಲವೂ ಕಾಣುತ್ತವೆ. 1926ರಲ್ಲಿ ಆರಂಭವಾದ ‘ಶಿವಾನುಭವ’ ಪತ್ರಿಕೆಯೂ ಅವರ ಹಿತಚಿಂತಕ ಮುದ್ರಣಾಲಯವೂ ಇದೇ ದೀಕ್ಷೆಯ ಮುಂದುವರಿಕೆ. ಅವರದು ಸಂರಕ್ಷಕನ ಮನೋಧರ್ಮ. ಇದ್ದುದನ್ನು ಕೆಡಹುವುದಕ್ಕಿಂತ ಅಳಿಯುತ್ತಿದ್ದುದನ್ನು ಉಳಿಸುವುದೇ ಅದರ ಗುರಿ.

ಆದರೆ ಗುಣವು ತಂದ ದೋಷವನ್ನೂ ಹೇಳಬೇಕು. ಹಲವು ಶರಣರ ವಚನಗಳನ್ನು ವಿಷಯಾನುಸಾರವಾಗಿ ಒಂದೆಡೆ ಜೋಡಿಸಿದಾಗ ಸಿದ್ಧಾಂತವು ಸ್ಪಷ್ಟವಾಯಿತು. ವ್ಯಕ್ತಿಗಳ ದನಿ ಮಸುಕಾಯಿತು. ಅಲ್ಲಮನ ಬೆಡಗು, ಅಕ್ಕನ ಆರ್ತತೆ, ಬಸವಣ್ಣನವರ ಆತ್ಮನಿಂದೆ ಇವು ಒಂದೇ ವಾದಕ್ಕೆ ಬಂದು ನಿಂತ ಸಾಕ್ಷಿಗಳಂತೆ ತೋರಿದುವು. ‘ಶಾಸ್ತ್ರ’ವೆಂಬ ಹೆಸರೇ ಒಂದು ತೀರ್ಪು. ವಚನವೊಂದನ್ನು ಕಾಯಿದೆಯ ಕಲಮಿನಂತೆ ಎತ್ತಿಹೇಳಿ ಪ್ರತಿಪಕ್ಷದವರ ಬಾಯಿ ಮುಚ್ಚಿಸುವ ರೂಢಿ ಇಂದಿಗೂ ನಿಂತಿಲ್ಲ. ಅದರ ಹೊಣೆಯನ್ನೆಲ್ಲ ಹಳಕಟ್ಟಿಯವರ ಮೇಲೆ ಹೊರಿಸುವುದು ಅನ್ಯಾಯ. ಆದರೂ ಆ ದಾರಿಯ ಮೊದಲ ಹೆಜ್ಜೆ ಇಲ್ಲಿದೆಯೆಂಬುದನ್ನು ಮರೆಮಾಚಲಾಗದು.

1993ರಲ್ಲಿ ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅಲ್ಲಿ ವಚನಗಳು ಪುನಃ ತಮ್ಮ ಕರ್ತೃಗಳ ಹೆಸರಿನಲ್ಲಿ ಒಂದುಗೂಡಿದುವು. ಒಬ್ಬ ವಕೀಲರು ಸ್ವಂತ ಶ್ರಮದಿಂದ ಹೂಡಿದ ದಾವೆಯನ್ನು ಎಪ್ಪತ್ತು ವರುಷಗಳ ಬಳಿಕ ರಾಜ್ಯವೇ ಕೈಗೆತ್ತಿಕೊಂಡಿತೆನ್ನಬಹುದು. ಮೊದಲ ಸಂಪಾದಕರಿಗೆ ನಾವು ಸಲ್ಲಿಸಬೇಕಾದ ಗೌರವವು ಅವರ ಪಾಠವನ್ನೇ ಅಂತಿಮವೆನ್ನುವುದಲ್ಲ. ಅವರಂತೆಯೇ ಮತ್ತೆ ಮೂಲಪ್ರತಿಗಳ ಬಳಿಗೆ ಹೋಗುವುದು.