ಮತ್ಸುಯೆಯ ಇಂಗ್ಲಿಷ್ ಉಪಾಧ್ಯಾಯರು

ಪರದೇಶದಲ್ಲಿ ಇಂಗ್ಲಿಷ್ ಕಲಿಸುತ್ತ ಲೋಕವನ್ನು ನೋಡುವ ಹಂಬಲ ಇಂದಿನ ತರುಣರದು ಮಾತ್ರವಲ್ಲ. ಲಾಫ್ಕಾಡಿಯೊ ಹರ್ನ್ 1890ರಲ್ಲಿ ಜಪಾನಿನ ಮತ್ಸುಯೆ ಪಟ್ಟಣದಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಆ ಅನುಭವದಿಂದ ಮೂಡಿದ ‘ಗ್ಲಿಂಪ್ಸಸ್ ಆಫ್ ಅನ್‌ಫೆಮಿಲಿಯರ್ ಜಪಾನ್’ 1894ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಉಪಾಧ್ಯಾಯನ ದಿನಚರಿಯಾಗಿ ಬರೆದ ಅಧ್ಯಾಯ ಅದರ ಹೃದಯಭಾಗ. ಅಕಾಲದಲ್ಲಿ ಅಗಲಿದ ಶಿಷ್ಯರನ್ನು ಹರ್ನ್ ನೆನೆಯುವಾಗ ಅವರ ಗದ್ಯಕ್ಕೆ ತಂದೆಯ ದನಿ ಬರುತ್ತದೆ.

ಆದರೆ ಅವರ ಒಂದು ತೀರ್ಮಾನವನ್ನು ಒಪ್ಪಲಾಗದು. ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕಗೊಂಡಂತೆ ಕಂಡುದರಿಂದ, ಅವರಲ್ಲಿ ಸ್ವಂತ ಕಲ್ಪನೆ ವಿರಳವೆಂದು ಹರ್ನ್ ಬಗೆಯುತ್ತಾರೆ. ಎರವಲು ನುಡಿಯಲ್ಲಿ ಬರೆಯುವ ಬಾಲಕನು ತಪ್ಪಾಗದ ವಾಕ್ಯವನ್ನು ಆಯ್ದುಕೊಳ್ಳುತ್ತಾನೆ. ತನ್ನದೇ ವಾಕ್ಯವನ್ನು ಒಳಗೇ ಉಳಿಸಿಕೊಳ್ಳುತ್ತಾನೆ. ಗಡಿನಾಡಿನಲ್ಲಿ ಅನ್ಯಭಾಷೆಯ ಶಾಲೆಗೆ ಹೋಗುವ ನಮ್ಮ ಮಕ್ಕಳನ್ನು ಬಲ್ಲವರಿಗೆ ಇದು ಹೊಸತಲ್ಲ.

ಹರ್ನ್ ಅಲ್ಲಿಯ ಮಹಿಳೆಯನ್ನು ವರಿಸಿ, 1896ರಲ್ಲಿ ಕೊಯಿಜುಮಿ ಯಾಕುಮೊ ಎಂಬ ಹೆಸರಿನಿಂದ ಜಪಾನಿನ ಪ್ರಜೆಯಾದರು. ಆದರೂ ಜಪಾನಿ ಗ್ರಂಥಗಳನ್ನು ಸರಾಗವಾಗಿ ಓದುವಷ್ಟು ಆ ಭಾಷೆ ಅವರಿಗೆ ಒಲಿಯಲಿಲ್ಲ. ಶಿಷ್ಯರು ತಾಯ್ನುಡಿಯಲ್ಲಿ ಬರೆದುದನ್ನು ಓದಿದ್ದರೆ ಆ ತೀರ್ಮಾನ ಬೇರೆಯಾಗುತ್ತಿತ್ತೇನೊ. ಕಲಿಸಲು ಪರನಾಡಿಗೆ ಹೊರಡುವ ತರುಣರು ಈ ಕೃತಿಯನ್ನು ಅವಶ್ಯ ಓದಲಿ. ಹೋದೆಡೆಯ ನುಡಿಯನ್ನು ಮೊದಲು ಕಲಿಯಲಿ.